ಹೈಸ್ಕೂಲ್ ಮಕ್ಕಳ ಮನೆಯವರಿಗೆ ಶಾಲೆಯ ವಿಷಯ ಸರಿಯಾಗಿ ತಲುಪಬೇಕಾದರೆ ಏನು ಮಾಡಬೇಕು?

ಹೈಸ್ಕೂಲ್_ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳು ಹೈಸ್ಕೂಲ್‌ಗೆ ಬಂದ ಮೇಲೆ ಶಾಲೆಯಿಂದ ಬರುವ ಮೆಸೇಜ್ ಜಾಸ್ತಿ ಆಗಿದೆ. ಆದರೆ ಅವಳ ಓದಿನ ಬಗ್ಗೆ ನಮಗೆ ಗೊತ್ತಾಗುವುದು ಕಡಿಮೆ ಆಗಿದೆ. ಪ್ರೈಮರಿಯಲ್ಲಿ ಒಬ್ಬರೇ ಟೀಚರ್ ಇದ್ದರು. ಕರೆದುಕೊಂಡು ಬರೋಕೆ ಹೋದಾಗ ಗೇಟ್ ಹತ್ತಿರ ಎರಡು ಮಾತಾಡಿದರೆ ಎಲ್ಲ ತಿಳಿಯುತ್ತಿತ್ತು. ಈಗ ಒಂದೊಂದು ವಿಷಯಕ್ಕೆ ಒಬ್ಬೊಬ್ಬರು. ಯಾರನ್ನು ಕೇಳಬೇಕು ಅನ್ನೋದೇ ಗೊತ್ತಾಗಲ್ಲ.

ಈ ಸಲ ಆಗಿದ್ದು ಹೇಳ್ತೀನಿ. ವಿಜ್ಞಾನದಲ್ಲಿ ಹಿಂದೆ ಬಿದ್ದ ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ಉಚಿತವಾಗಿ ಪಾಠ ಮಾಡ್ತಿದ್ದರಂತೆ. ನಮಗೆ ತಿಳಿದಾಗ ಅದು ಮುಗಿದೇ ಹೋಗಿತ್ತು. ಹೇಳಿದವರು ಬೇರೆ ಮಗುವಿನ ತಾಯಿ. ವಿಚಾರಿಸಿದರೆ ಸುತ್ತೋಲೆ ಕಳಿಸಿದ್ದು ನಿಜ. ನಾಲ್ಕು ಪುಟದ ಪಿಡಿಎಫ್, ಅದರ ಮೂರನೇ ಪುಟದಲ್ಲಿ, ಸ್ಪೋರ್ಟ್ಸ್ ಡೇ ಸಮವಸ್ತ್ರದ ವಿಷಯದ ಕೆಳಗೆ ಒಂದು ಸಾಲು.

ಪೋಷಕರ ಸಮಿತಿಯವರು ಸಲಹೆ ಕೊಡಿ ಅಂದಿದ್ದಾರೆ. ದೂರು ಹೇಳೋಕೆ ಹೋಗ್ತಿಲ್ಲ, ಕೆಲಸಕ್ಕೆ ಬರುವಂಥದ್ದು ಏನಾದರೂ ತಗೊಂಡು ಹೋಗಬೇಕು. ನಿಮ್ಮ ಅನುಭವ ಹೇಳಿ. ಮೇಷ್ಟ್ರುಗಳು ಇದ್ದರೆ ದಯವಿಟ್ಟು ನೀವೂ ಬರೆಯಿರಿ.

ರಾತ್ರಿಪಾಳಿ_ಅಪ್ಪ

ಮೇಡಂ, ಸರಿಯಾದ ವಿಷಯ ಎತ್ತಿದ್ದೀರಿ. ನನ್ನದು ರಾತ್ರಿ ಕೆಲಸ, ಹೆಂಡತಿಗೆ ಹಗಲು ಕೆಲಸ. ಪೋಷಕರ ಸಭೆ ಯಾವಾಗಲೂ ವಾರದ ಮಧ್ಯೆ, ಮಧ್ಯಾಹ್ನ. ಇಬ್ಬರಿಗೂ ಹೋಗೋಕೆ ಆಗಲ್ಲ. ಹೋಗದಿದ್ದರೆ ‘ಇವರಿಗೆ ಮಕ್ಕಳ ಮೇಲೆ ಕಾಳಜಿ ಇಲ್ಲ’ ಅಂದುಕೊಳ್ಳುತ್ತಾರೆ. ಅದು ತುಂಬಾ ನೋವಾಗುವ ಮಾತು.

ಸಭೆಯಲ್ಲಿ ಏನು ಮಾತಾಡಿದರು ಅಂತ ಅರ್ಧ ಪುಟ ಬರೆದು ಕಳಿಸಿದರೆ ಸಾಕು. ಫೋಟೋ, ಭಾಷಣ ಬೇಡ. ಏನು ತೀರ್ಮಾನ ಆಯಿತು, ನಾವು ಏನು ಮಾಡಬೇಕು, ಅಷ್ಟೇ.

ಗಣಿತದ_ಮೇಷ್ಟ್ರು

ನಾನು ಹೈಸ್ಕೂಲ್‌ನಲ್ಲಿ ಗಣಿತ ಹೇಳಿಕೊಡುವವನು. ನಮ್ಮ ಕಡೆಯ ಮಾತನ್ನೂ ಹೇಳಿಬಿಡ್ತೀನಿ.

ಒಬ್ಬ ವಿಷಯ ಶಿಕ್ಷಕನ ಕೈಕೆಳಗೆ ನೂರಕ್ಕೂ ಹೆಚ್ಚು ಮಕ್ಕಳು ಇರುತ್ತಾರೆ. ಎಲ್ಲರ ಮನೆಗೂ ಫೋನ್ ಮಾಡಿ ಮಾತಾಡೋದು ಆಗದ ಕೆಲಸ. ಮಾಡಿದರೂ ಅರ್ಧದಷ್ಟು ನಂಬರ್ ಹಳೇದಾಗಿರುತ್ತೆ. ಇನ್ನೂ ಒಂದು ವಿಷಯ ಇದೆ, ಪೋಷಕರಿಗೆ ಬಹಳ ಸಲ ಗೊತ್ತೇ ಇರಲ್ಲ. ವರ್ಷದ ಶುರುವಿನಲ್ಲಿ ಕೊಡುವ ಫಾರಂ ಅನ್ನು ಎಷ್ಟೋ ಮನೆಗಳಲ್ಲಿ ಮಕ್ಕಳೇ ತುಂಬುತ್ತಾರೆ. ಪೋಷಕರ ನಂಬರ್ ಅನ್ನೋ ಜಾಗದಲ್ಲಿ ತಮ್ಮದೇ ನಂಬರ್ ಬರೆದಿರುತ್ತಾರೆ. ಗೈರುಹಾಜರಿ ಮೆಸೇಜ್ ಹೋಗುವುದು ಗೈರಾದ ಹುಡುಗನ ಕೈಗೇ!

ಹಾಗಾಗಿ ನಿಮ್ಮ ಸಲಹೆಯಲ್ಲಿ ಮೊದಲು ಇದು ಇರಲಿ ಮೇಡಂ: ನಂಬರ್ ಸರಿ ಇದೆಯಾ ಅಂತ ಪರೀಕ್ಷೆ ಮಾಡುವ ಒಂದು ಮೆಸೇಜ್. ‘ಇದು ಸಿಕ್ಕಿದ್ದರೆ ಮಗುವಿನ ಹೆಸರು ಬರೆದು ಉತ್ತರ ಕಳಿಸಿ.’ ಉತ್ತರ ಬರದ ಮನೆಗಳಿಗೆ ಮಾತ್ರ ಕಚೇರಿಯಿಂದ ಫೋನ್ ಹೋಗಲಿ. ಇದು ಆಗದೆ ಬೇರೆ ಏನು ಮಾಡಿದರೂ ನೀರಿನಲ್ಲಿ ಹೋಮ.

ಅಂಕಿಅಂಶ_ಓದುಗ

ಈ ವಿಷಯದಲ್ಲಿ ಒಳ್ಳೆಯ ಸಂಶೋಧನೆ ನಡೆದಿದೆ, ಸಮಿತಿಯವರ ಮುಂದೆ ಇಡೋಕೆ ಅನುಕೂಲ ಆಗುತ್ತೆ.

ಮೇಷ್ಟ್ರು ಹೇಳಿದ ಸಮಯದ ಸಮಸ್ಯೆಗೆ ಇದು ಉತ್ತರ. ಅಮೆರಿಕದ ಒಂದು ನಗರದಲ್ಲಿ, ಫೇಲಾದ ಹೈಸ್ಕೂಲ್ ಮಕ್ಕಳು ಬೇಸಿಗೆಯಲ್ಲಿ ಪಾಸ್ ಮಾಡಿಕೊಳ್ಳೋಕೆ ತರಗತಿ ನಡೆಸುತ್ತಿದ್ದರು. ಅಲ್ಲಿ ಮ್ಯಾಥ್ಯೂ ಕ್ರಾಫ್ಟ್ ಮತ್ತು ಟಾಡ್ ರಾಜರ್ಸ್ ಎಂಬ ಸಂಶೋಧಕರು ಒಂದು ಸಣ್ಣ ಪ್ರಯೋಗ ಮಾಡಿದರು. ಶಿಕ್ಷಕರು ವಾರಕ್ಕೊಮ್ಮೆ ಪ್ರತಿ ಮಗುವಿನ ಬಗ್ಗೆ ಒಂದೇ ವಾಕ್ಯ ಬರೆಯಬೇಕು, ಅದು ಮನೆಗೆ ಹೋಗುತ್ತೆ. ಅಷ್ಟೇ. ಮೆಸೇಜ್ ಹೋಗದ ಮಕ್ಕಳಲ್ಲಿ ಶೇ. 15.8ರಷ್ಟು ಮಂದಿ ಪಾಸಾಗಲಿಲ್ಲ. ಮೆಸೇಜ್ ಹೋದವರಲ್ಲಿ ಅದು ಶೇ. 9.3ಕ್ಕೆ ಇಳಿಯಿತು. 2015ರಲ್ಲಿ ಪ್ರಕಟವಾದ ಅಧ್ಯಯನ ಇದು. ಗಮನಿಸಬೇಕಾದ್ದು ಏನಂದರೆ, ‘ಚೆನ್ನಾಗಿ ಮಾಡ್ತಿದ್ದಾನೆ’ ಅನ್ನೋ ಸಾಲಿಗಿಂತ ‘ಇಲ್ಲಿ ಇನ್ನೂ ಸುಧಾರಿಸಬೇಕು’ ಅನ್ನೋ ಸಾಲು ಹೆಚ್ಚು ಕೆಲಸ ಮಾಡಿದಂತೆ ಕಂಡಿತು.

ಇನ್ನೊಂದು ವೆಸ್ಟ್ ವರ್ಜೀನಿಯಾದ 22 ಶಾಲೆಗಳದ್ದು. ಪೀಟರ್ ಬರ್ಗ್‌ಮನ್ ಮತ್ತು ಎರಿಕ್ ಚಾನ್ ಮಾಡಿದ್ದು. ಮಗು ಯಾವ ಅಸೈನ್‌ಮೆಂಟ್ ಕೊಟ್ಟಿಲ್ಲ, ಯಾವ ಪೀರಿಯಡ್ ತಪ್ಪಿಸಿದೆ, ಅಂಕ ಎಷ್ಟು ಕುಸಿದಿದೆ ಅಂತ ಕಂಪ್ಯೂಟರ್ ತಾನಾಗಿಯೇ ಪೋಷಕರಿಗೆ ಎಸ್ಎಂಎಸ್ ಕಳಿಸುತ್ತಿತ್ತು. ಶಿಕ್ಷಕರಿಗೆ ಹೊಸ ಕೆಲಸ ಹೆಚ್ಚೇನೂ ಇಲ್ಲ, ಮೊದಲೇ ದಾಖಲಿಸುತ್ತಿದ್ದ ಮಾಹಿತಿಯೇ ಅದು. ವಿಷಯದಲ್ಲಿ ಫೇಲಾಗುವುದು ಕಾಲು ಭಾಗಕ್ಕೂ ಹೆಚ್ಚು ಕಡಿಮೆ ಆಯಿತು. ತರಗತಿ ಹಾಜರಿ ಶೇ. 12ರಷ್ಟು ಏರಿತು. ಆದರೆ ರಾಜ್ಯಮಟ್ಟದ ಪರೀಕ್ಷೆಯ ಅಂಕ ಏರಲಿಲ್ಲ. ಇದನ್ನೂ ಹೇಳಲೇಬೇಕು. ಮೆಸೇಜ್ ಕಳಿಸಿದರೆ ಮಗು ತರಗತಿಗೆ ಬರುತ್ತೆ, ಬಂದ ಮೇಲೆ ಕಲಿಸುವ ಕೆಲಸ ಹಾಗೇ ಉಳಿದಿರುತ್ತೆ.

ಇಬ್ಬರು_ಹುಡುಗರ_ಅಪ್ಪ

ನನಗೆ ಇದರಲ್ಲಿ ಸ್ವಲ್ಪ ತಕರಾರಿದೆ. ಹದಿನೈದು, ಹದಿನಾರು ವರ್ಷದ ಮಕ್ಕಳು. ಪ್ರತಿ ಪೀರಿಯಡ್‌ಗೂ ಅಪ್ಪನ ಫೋನ್ ಟಿಂಗ್ ಅಂದರೆ ಅವರು ಜವಾಬ್ದಾರಿ ಕಲಿಯೋದು ಯಾವಾಗ? ನಮ್ಮ ದೊಡ್ಡವನ ಶಾಲೆಯ ಆ್ಯಪ್‌ನಲ್ಲಿ ದಿನಕ್ಕೆ ಎಂಟು ಹತ್ತು ನೋಟಿಫಿಕೇಶನ್. ಊಟದ ಹೊತ್ತಿನಲ್ಲಿ ಅದೇ ಜಗಳ. ಕೊನೆಗೆ ಅವನು ನಮ್ಮ ಜೊತೆ ಶಾಲೆ ವಿಷಯ ಮಾತಾಡೋದನ್ನೇ ನಿಲ್ಲಿಸಿದ.

ಕಾಲೇಜ್_ಹುಡುಗಿ

ಅಂಕಲ್, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಹೈಸ್ಕೂಲ್ ಮುಗಿಸಿ ತುಂಬಾ ದಿನ ಆಗಿಲ್ಲ. ಮಕ್ಕಳ ಕಡೆಯಿಂದ ಒಂದೆರಡು ಮಾತು.

ಮೊದಲನೆಯದು, ಕ್ಲಾಸ್ ಗ್ರೂಪ್‌ನಲ್ಲಿ ಅಂಕಪಟ್ಟಿ ಹಾಕಬೇಡಿ. ನಮ್ಮ ಕಾಲದಲ್ಲಿ ಟೆಸ್ಟ್ ಆದ ಸಂಜೆಯೇ ಎಲ್ಲರ ಹೆಸರು, ಅಂಕ ಎರಡೂ ಇರುವ ಹಾಳೆಯ ಫೋಟೋ ಪೋಷಕರ ವಾಟ್ಸ್ಯಾಪ್ ಗ್ರೂಪ್‌ಗೆ ಬರ್ತಿತ್ತು. ಕಡಿಮೆ ಬಂದವರ ಹೆಸರಿನ ಕೆಳಗೆ ಕೆಂಪು ಗೆರೆ. ನನ್ನ ಗೆಳತಿ ಒಬ್ಬಳು ಟೆಸ್ಟ್ ಇರುವ ದಿನ ಹೊಟ್ಟೆನೋವು ಅಂತ ಮನೆಯಲ್ಲೇ ಉಳಿಯೋಕೆ ಶುರು ಮಾಡಿದಳು. ಅವಳಿಗೆ ನಿಜವಾಗಲೂ ಹೊಟ್ಟೆ ನೋಯುತ್ತಿತ್ತು, ಅದು ನಾಟಕ ಅಲ್ಲ. ಒಬ್ಬರ ಅಂಕ ಇನ್ನೊಬ್ಬರ ಮನೆಗೆ ಹೋಗಲೇಬಾರದು.

ಎರಡನೆಯದು, ಮನೆಗೆ ಹೇಳುವ ಮುಂಚೆ ನಮಗೆ ಹೇಳಿ. ‘ನಿನ್ನ ಎರಡು ಅಸೈನ್‌ಮೆಂಟ್ ಬಂದಿಲ್ಲ, ಸೋಮವಾರದೊಳಗೆ ಕೊಡದಿದ್ದರೆ ಮನೆಗೆ ತಿಳಿಸ್ತೀನಿ’ ಅಂತ ಹೇಳಿದರೆ ಮುಕ್ಕಾಲು ಪಾಲು ಮಕ್ಕಳು ಕೊಟ್ಟೇ ಕೊಡ್ತಾರೆ. ಹೇಳದೆ ನೇರವಾಗಿ ಮನೆಗೆ ಹೋದರೆ ಚಾಡಿ ಹೇಳಿದ ಹಾಗೆ ಅನ್ನಿಸುತ್ತೆ. ಆಮೇಲೆ ಆ ಟೀಚರ್ ಹತ್ತಿರ ಸಹಾಯ ಕೇಳೋಕೂ ಮನಸ್ಸು ಬರಲ್ಲ.

ಅಂಕಿಅಂಶ_ಓದುಗ

ಅಪ್ಪನವರ ತಕರಾರಿಗೆ ಆಧಾರ ಇದೆ. ನ್ಯಾನ್ಸಿ ಹಿಲ್ ಮತ್ತು ಡಯಾನಾ ಟೈಸನ್ 2009ರಲ್ಲಿ ಹತ್ತಾರು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಮಿಡ್ಲ್ ಸ್ಕೂಲ್ ವಯಸ್ಸಿಗೆ ಬಂದ ಮಕ್ಕಳಿಗೆ ಪೋಷಕರ ಯಾವ ಕೆಲಸ ಜಾಸ್ತಿ ಉಪಯೋಗ ಅನ್ನೋದು ಅವರ ಪ್ರಶ್ನೆ. ಪಕ್ಕದಲ್ಲಿ ಕೂತು ಹೋಂವರ್ಕ್ ಮಾಡಿಸೋದರಿಂದ ಅಂಥ ಲಾಭ ಕಾಣಲಿಲ್ಲ. ಓದು ಯಾಕೆ ಬೇಕು, ಮುಂದೆ ಏನಾಗಬೇಕು ಅಂದುಕೊಂಡಿದ್ದಾನೆ, ಅದಕ್ಕೆ ಈಗ ಏನು ಆರಿಸಿಕೊಳ್ಳಬೇಕು ಅಂತ ಮನೆಯಲ್ಲಿ ಮಾತಾಡುವುದಕ್ಕೇ ಫಲಿತಾಂಶದ ಜೊತೆ ಹೆಚ್ಚು ನಂಟು ಇತ್ತು.

ಅಂದರೆ ಹೈಸ್ಕೂಲ್ ಪೋಷಕರಿಗೆ ಪ್ರತಿ ದಿನದ ಹೋಂವರ್ಕ್ ಪಟ್ಟಿಯಿಂದ ಅಷ್ಟು ಉಪಯೋಗ ಇಲ್ಲ. ಮುಂದಿನ ವರ್ಷ ಯಾವ ವಿಷಯ ತಗೋಬಹುದು, ಯಾವುದು ಬಿಟ್ಟರೆ ಯಾವ ದಾರಿ ಮುಚ್ಚುತ್ತೆ, ತೀರ್ಮಾನ ಮಾಡೋಕೆ ಕೊನೆ ದಿನ ಯಾವುದು ಅನ್ನೋದು ಮನೆಗೆ ಸಮಯಕ್ಕೆ ಬರಬೇಕು. ಬಹಳ ಕಡೆ ಇದು ಫಾರಂಗೆ ಸಹಿ ಹಾಕುವ ಹಿಂದಿನ ದಿನ ತಿಳಿಯುತ್ತೆ.

ರಾತ್ರಿಪಾಳಿ_ಅಪ್ಪ

ಇದು ಸತ್ಯ. ದೊಡ್ಡ ಮಗಳು ವಿಷಯ ಆರಿಸುವಾಗ ಸ್ನೇಹಿತೆಯರು ತಗೊಂಡಿದ್ದನ್ನೇ ತಗೊಂಡಳು. ಕೂತು ಮಾತಾಡೋಕೆ ನಮ್ಮ ಕೈಯಲ್ಲಿ ಒಂದು ಹಾಳೆಯೂ ಇರಲಿಲ್ಲ.

ಗಣಿತದ_ಮೇಷ್ಟ್ರು

ಹುಡುಗಿ ಹೇಳಿದ ‘ಮೊದಲು ನಮಗೆ ಹೇಳಿ’ ಅನ್ನೋದನ್ನು ನಾನು ಒಪ್ತೀನಿ. ಆದರೆ ಒಂದಕ್ಕೆ ಅದು ಅನ್ವಯಿಸಬಾರದು, ಗೈರುಹಾಜರಿಗೆ. ಮಗು ತರಗತಿಯಲ್ಲಿ ಇಲ್ಲ ಅಂದರೆ ಅದೇ ದಿನ, ಅದೇ ಹೊತ್ತಿನಲ್ಲಿ ಮನೆಗೆ ತಿಳಿಯಬೇಕು. ಅದು ಸುರಕ್ಷತೆಯ ಪ್ರಶ್ನೆ.

ಅಂಕಿಅಂಶ_ಓದುಗ

ಗೈರುಹಾಜರಿ ಬಗ್ಗೆ ಇನ್ನೊಂದು ವಿಷಯ ಸೇರಿಸಿ ಸುಮ್ಮನಾಗ್ತೀನಿ. ಟಾಡ್ ರಾಜರ್ಸ್ ಮತ್ತು ಆವಿ ಫೆಲರ್ ಫಿಲಡೆಲ್ಫಿಯಾದಲ್ಲಿ 28,080 ಮನೆಗಳ ಮೇಲೆ ಮಾಡಿದ ಅಧ್ಯಯನ, 2018ರಲ್ಲಿ ಪ್ರಕಟವಾಯಿತು. ಮಗು ಎಷ್ಟು ದಿನ ತಪ್ಪಿಸಿದೆ ಅನ್ನೋದರಲ್ಲಿ ಪೋಷಕರ ಅಂದಾಜು ನಿಜಕ್ಕಿಂತ ಬಹಳ ಕಡಿಮೆ ಇತ್ತು. ಇವತ್ತೊಂದು, ಹದಿನೈದು ದಿನ ಬಿಟ್ಟು ಇನ್ನೊಂದು, ಲೆಕ್ಕ ಯಾರು ಇಡ್ತಾರೆ ಅಲ್ವಾ? ಈ ವರ್ಷ ಇಷ್ಟು ದಿನ ಆಗಿದೆ ಅಂತ ಸುಮ್ನೆ ಒಂದು ಕಾಗದ ಅಂಚೆಯಲ್ಲಿ ಆಗಾಗ ಮನೆಗೆ ಹೋಯಿತು. ಬೈಗುಳ ಇಲ್ಲ, ಎಚ್ಚರಿಕೆ ಇಲ್ಲ. ಅತಿಯಾಗಿ ಗೈರಾಗುವ ಮಕ್ಕಳ ಪ್ರಮಾಣ ಶೇ. 10ರಷ್ಟು ಅಥವಾ ಅದಕ್ಕೂ ಹೆಚ್ಚು ಇಳಿಯಿತು. ಅತಿ ಗೈರು ಅಂದರೆ ಸಾಮಾನ್ಯವಾಗಿ ಶಾಲಾ ದಿನಗಳ ಹತ್ತನೇ ಒಂದು ಭಾಗ, 180 ದಿನದ ವರ್ಷದಲ್ಲಿ 18 ದಿನ.

‘ನಿಮ್ಮ ಮಗ ಇಂದು ಗೈರು’ ಅಂತ ಮಾತ್ರ ಕಳಿಸುವ ಕಡೆ ‘ಇಂದು ಗೈರು, ಈ ವರ್ಷ ಒಟ್ಟು 11 ದಿನ’ ಅಂತ ಕಳಿಸಬಹುದು. ಖರ್ಚೇನೂ ಜಾಸ್ತಿ ಆಗಲ್ಲ.

ಶಾಲಾ_ಕೌನ್ಸೆಲರ್

ಎಲ್ಲ ಓದಿದೆ. ಎಲ್ಲರೂ ಓದಿನ ಬಗ್ಗೆಯೇ ಬರೆದಿದ್ದೀರಿ, ಹಾಗಾಗಿ ನಾನು ಬೇರೆ ಕಡೆಯಿಂದ ಬರ್ತೀನಿ.

10ರಿಂದ 19 ವಯಸ್ಸಿನವರಲ್ಲಿ ಏಳರಲ್ಲಿ ಒಬ್ಬರಿಗೆ ಮಾನಸಿಕ ಆರೋಗ್ಯದ ತೊಂದರೆ ಇರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಅಂದರೆ ಯಾವ ತರಗತಿಗೆ ಹೋದರೂ ಅಂಥ ಮಕ್ಕಳು ನಾಲ್ಕೈದು ಜನ ಇರಬಹುದು. ಆದರೆ ಶಾಲೆಯಲ್ಲಿ ಕೌನ್ಸೆಲರ್ ಇದ್ದಾರೆ ಅನ್ನೋದು ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಗೊತ್ತಿದ್ದವರು ಕೂಡ ‘ಅದು ತೊಂದರೆ ಕೊಡುವ ಮಕ್ಕಳನ್ನು ಕಳಿಸುವ ಜಾಗ’ ಅಂದುಕೊಂಡಿರುತ್ತಾರೆ. ಯಾಕಂದರೆ ಅವರ ಮನೆಗೆ ನಮ್ಮಿಂದ ಮೊದಲ ಫೋನ್ ಹೋಗುವುದೇ ಏನಾದರೂ ಆದ ಮೇಲೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಹಾಗಾಗಿ ವರ್ಷದ ಶುರುವಿನಲ್ಲೇ, ಯಾರಿಗೂ ಏನೂ ಆಗದಿರುವಾಗ, ಮೂರು ವಿಷಯ ಮನೆಗೆ ತಿಳಿಸಿ ಅಂತ ನಾನು ಪ್ರತಿ ಶಾಲೆಗೂ ಹೇಳ್ತೀನಿ. ಕೌನ್ಸೆಲರ್ ಯಾವ ಕೊಠಡಿಯಲ್ಲಿ, ಯಾವ ಹೊತ್ತಿನಲ್ಲಿ ಸಿಗುತ್ತಾರೆ. ಮಗು ತಾನಾಗಿಯೇ ಹೋಗಬಹುದಾ, ಪೋಷಕರೇ ಮೊದಲು ಮಾತಾಡಬಹುದಾ. ಮಗು ಹೇಳಿದ್ದರಲ್ಲಿ ಏನು ಗುಟ್ಟಾಗಿ ಉಳಿಯುತ್ತೆ, ಏನು ಉಳಿಯಲ್ಲ.

ಕೊನೆಯದು ಬಹಳ ಮುಖ್ಯ. ನನ್ನ ಹತ್ತಿರ ಮಗು ಹೇಳಿಕೊಂಡಿದ್ದನ್ನೆಲ್ಲ ನಾನು ಮನೆಗೆ ಹೇಳಲ್ಲ. ಆದರೆ ಮಗುವಿನ ಜೀವಕ್ಕೆ ಅಪಾಯ ಇದೆ, ಅಥವಾ ಯಾರೋ ಅದಕ್ಕೆ ಹಿಂಸೆ ಕೊಡುತ್ತಿದ್ದಾರೆ ಅಂತ ಗೊತ್ತಾದರೆ ಸುಮ್ಮನಿರೋಕೆ ಆಗಲ್ಲ, ತಿಳಿಸಬೇಕಾದವರಿಗೆ ತಿಳಿಸಲೇಬೇಕು. ಇದನ್ನು ಮಗುವಿಗೂ ಮೊದಲ ದಿನವೇ ಹೇಳ್ತೀನಿ. ಪೋಷಕರಿಗೂ ಇದು ಮೊದಲೇ ಗೊತ್ತಿದ್ದರೆ, ‘ನಮ್ಮ ಮಗ ಏನು ಹೇಳಿದ ಅಂತ ಹೇಳಿ’ ಅಂತ ಒತ್ತಾಯ ಮಾಡಲ್ಲ.

ಕಾಲೇಜ್_ಹುಡುಗಿ

ಮೇಡಂ, ಒಂದು ವಿನಂತಿ. ಕೌನ್ಸೆಲರ್ ಕೊಠಡಿಗೆ ಹೋಗೋಕೆ ಕ್ಲಾಸ್ ಮಧ್ಯೆ ಎಲ್ಲರೆದುರು ಹೆಸರು ಕರೆಯುವುದನ್ನು ನಿಲ್ಲಿಸಿ ಅಂತಲೂ ಶಾಲೆಗಳಿಗೆ ಹೇಳಿ.

ಶಾಲಾ_ಕೌನ್ಸೆಲರ್

ಖಂಡಿತ ಹೇಳ್ತೀನಿ ಪುಟ್ಟಾ. ನಾವು ಲೈಬ್ರರಿ ಚೀಟಿಯ ಥರದ್ದೇ ಚೀಟಿ ಕೊಡ್ತೀವಿ. ಯಾರಿಗೂ ಗೊತ್ತಾಗಲ್ಲ.

ಮೊಮ್ಮಗಳ_ತಾತ

ಮೊಮ್ಮಗಳು ನಮ್ಮ ಜೊತೆ ಇದ್ದಾಳೆ. ಅವಳ ಅಪ್ಪ ಅಮ್ಮ ಕೆಲಸಕ್ಕೆಂದು ದೂರದಲ್ಲಿದ್ದಾರೆ. ಶಾಲೆಯ ಮೆಸೇಜ್ ಎಲ್ಲ ಅವರಿಗೆ ಹೋಗುತ್ತೆ, ಮಗುವನ್ನು ನೋಡಿಕೊಳ್ಳುವ ನಮಗೆ ಬರಲ್ಲ. ನನ್ನ ನಂಬರ್ ಸೇರಿಸಿ ಅಂದರೆ ಸಿಸ್ಟಮ್‌ನಲ್ಲಿ ಎರಡೇ ಜಾಗ ಇದೆ ಅಂದರು.

ನನಗೆ ಆ್ಯಪ್ ತೆರೆಯೋದು ಕಷ್ಟ. ಪಾಸ್‌ವರ್ಡ್ ಮರೆತುಹೋಗುತ್ತೆ, ಅಕ್ಷರ ಸಣ್ಣದು. ನನ್ನ ಹೆಂಡತಿಗೆ ಓದೋಕೆ ಬರಲ್ಲ. ಆದರೆ ವಾಯ್ಸ್ ಮೆಸೇಜ್ ಬಂದರೆ ಇಬ್ಬರೂ ಕೂತು ಕೇಳ್ತೀವಿ, ಅರ್ಥ ಆಗದಿದ್ದರೆ ಇನ್ನೊಂದು ಸಲ ಹಾಕಿಕೊಂಡು ಕೇಳ್ತೀವಿ. ಕ್ಲಾಸ್ ಟೀಚರ್ ಒಬ್ಬರು ಪರೀಕ್ಷೆ ಸಮಯದಲ್ಲಿ ಹಾಗೆ ಮಾಡಿದ್ದರು. ಒಂದು ನಿಮಿಷದ ಮಾತು. ‘ನಾಳೆಯಿಂದ ಪರೀಕ್ಷೆ, ಬೆಳಗ್ಗೆ ಒಂಬತ್ತಕ್ಕೆ ಬರಲಿ, ಹಾಲ್ ಟಿಕೆಟ್ ಬ್ಯಾಗಿನಲ್ಲಿ ಇದೆಯಾ ನೋಡಿ’ ಅಂತ. ನನ್ನ ಹೆಂಡತಿ ರಾತ್ರಿಯೇ ಬ್ಯಾಗ್ ತೆಗೆದು ನೋಡಿದಳು. ಆ ಟೀಚರ್‌ಗೆ ಪುಣ್ಯ ಬರಲಿ.

ಹೈಸ್ಕೂಲ್_ಅಮ್ಮ

ತಾತ, ನೀವು ಹೇಳಿದ್ದನ್ನು ಖಂಡಿತ ಬರೆದುಕೊಂಡೆ. ಮಗುವನ್ನು ನೋಡಿಕೊಳ್ಳುವವರು ಯಾರು ಅಂತ ಕೇಳಬೇಕು, ಅವರಿಗೇ ಹೋಗಬೇಕು. ಅಪ್ಪ ಅಮ್ಮ ಬೇರೆ ಬೇರೆ ಮನೆಯಲ್ಲಿರುವ ಮಕ್ಕಳೂ ಇದ್ದಾರೆ. ಅಲ್ಲಿ ಇಬ್ಬರಿಗೂ ಒಂದೇ ಹೊತ್ತಿಗೆ ಹೋಗಬೇಕು. ಇಲ್ಲದಿದ್ದರೆ ಸುದ್ದಿ ಮುಟ್ಟಿಸುವ ಕೆಲಸ ಮಗುವಿನ ತಲೆ ಮೇಲೆ ಬೀಳುತ್ತೆ.

ಅಂಕಿಅಂಶ_ಓದುಗ

ಸುಮ್ಮನಾಗ್ತೀನಿ ಅಂದಿದ್ದೆ, ಆದರೆ ತಾತ ಹೇಳಿದ ಪಾಸ್‌ವರ್ಡ್ ವಿಷಯಕ್ಕೆ ಒಂದು ಮಾತು ಹೇಳಲೇಬೇಕು. ಶಾಲೆಯ ಮೆಸೇಜ್ ಬೇಕಿದ್ದರೆ ಪೋಷಕರು ತಾವೇ ವೆಬ್‌ಸೈಟ್‌ಗೆ ಹೋಗಿ ನೋಂದಾಯಿಸಿಕೊಳ್ಳಬೇಕು ಅಂದರೆ ಬರುವವರು ತೀರಾ ಕಡಿಮೆ. ವಾಷಿಂಗ್ಟನ್ ಡಿ.ಸಿ.ಯ ಶಾಲೆಗಳಲ್ಲಿ ಇದನ್ನು ಪರೀಕ್ಷಿಸಿದ್ದಾರೆ. ಒಂದು ಮೆಸೇಜ್‌ಗೆ ಉತ್ತರ ಕೊಟ್ಟರೆ ಸಾಕು ಅಂತ ಸುಲಭ ಮಾಡಿದಾಗಲೂ ಸೇರಿದವರು ಶೇ. 10 ದಾಟಲಿಲ್ಲ. ಎಲ್ಲರನ್ನೂ ಶಾಲೆಯೇ ಸೇರಿಸಿ, ಬೇಡವಾದವರು ಹೊರಗೆ ಹೋಗಬಹುದು ಅಂದಾಗ ಶೇ. 90ಕ್ಕಿಂತ ಜಾಸ್ತಿ ಜನ ಉಳಿದುಕೊಂಡರು. ಬೇಡ ಅಂದವರು ಬಹಳ ಕಡಿಮೆ. ಇಷ್ಟು ದಿನ ಅವರಿಗೆ ಆಸಕ್ತಿ ಇಲ್ಲ ಅಂತ ಅಂದುಕೊಂಡಿದ್ದೆವು, ಅಡ್ಡ ನಿಂತಿದ್ದು ನೋಂದಣಿ.

ಲೈಬ್ರರಿ_ಮೇಡಂ

ಶಾಲೆಯಲ್ಲಿ ಏನೇನು ಇದೆ ಅನ್ನೋದು ನಮ್ಮ ಲೈಬ್ರರಿಗೆ ಬರುವವರಿಗೇ ಪೂರ್ತಿ ಗೊತ್ತಿಲ್ಲ. ಮನೆಗೆ ತೆಗೆದುಕೊಂಡು ಹೋಗಬಹುದಾದ ಪಠ್ಯಪುಸ್ತಕ, ಎರವಲು ಸಿಗುವ ಲ್ಯಾಪ್‌ಟಾಪ್, ಸಂಜೆವರೆಗೆ ತೆರೆದಿರುವ ಓದುವ ಕೊಠಡಿ, ಹಳೆಯ ಪ್ರಶ್ನೆಪತ್ರಿಕೆ, ವಿದ್ಯಾರ್ಥಿವೇತನದ ಅರ್ಜಿ ತುಂಬೋಕೆ ಸಹಾಯ. ಓದಿನಲ್ಲಿ ವಿಶೇಷ ತೊಂದರೆ ಇರುವ ಮಕ್ಕಳಿಗೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೇಳಬಹುದು ಅನ್ನೋದು ಎಷ್ಟು ಮನೆಗೆ ಗೊತ್ತು? ಅದಕ್ಕೆ ತಿಂಗಳುಗಟ್ಟಲೆ ಮುಂಚೆ ಕಾಗದಪತ್ರ ಕೊಡಬೇಕು. ಕೊನೆ ವಾರದಲ್ಲಿ ಬಂದು ಕೇಳಿದರೆ ನಮ್ಮ ಕೈಯಲ್ಲಿ ಏನೂ ಇರಲ್ಲ.

ಇದನ್ನೆಲ್ಲ ಜೂನ್‌ನಲ್ಲೋ ಸೆಪ್ಟೆಂಬರ್‌ನಲ್ಲೋ, ಶಾಲೆ ಯಾವಾಗ ತೆರೆಯುತ್ತೋ ಆಗ, ದೊಡ್ಡ ಪುಸ್ತಕ ಮಾಡಿ ಒಂದೇ ಸಲ ಕೊಟ್ಟರೆ ಯಾರೂ ಓದಲ್ಲ. ಬೇಕಾದ ಹೊತ್ತಿಗೆ ಬೇಕಾದ್ದು ಹೋಗಬೇಕು. ಮೊದಲ ಟೆಸ್ಟ್ ಫಲಿತಾಂಶ ಬಂದ ವಾರ ಎಕ್ಸ್‌ಟ್ರಾ ಕ್ಲಾಸ್ ಬಗ್ಗೆ, ಅರ್ಜಿ ಶುರುವಾದ ದಿನ ವಿದ್ಯಾರ್ಥಿವೇತನದ ಬಗ್ಗೆ.

ಇನ್ನೊಂದು. ‘ಬಡ ಮಕ್ಕಳಿಗೆ’ ಅಂತ ಬರೆಯಬೇಡಿ. ನಮ್ಮಲ್ಲಿ ಹಾಗೆ ಬರೆದಿದ್ದಾಗ ಲ್ಯಾಪ್‌ಟಾಪ್ ಕೇಳೋಕೆ ಯಾರೂ ಬರಲಿಲ್ಲ. ‘ಲೈಬ್ರರಿಯಲ್ಲಿ ಲ್ಯಾಪ್‌ಟಾಪ್ ಎರವಲು ಸಿಗುತ್ತದೆ, ಯಾವ ವಿದ್ಯಾರ್ಥಿಯೂ ಕೇಳಬಹುದು’ ಅಂತ ಬದಲಾಯಿಸಿದೆವು. ಅದೇ ಲ್ಯಾಪ್‌ಟಾಪ್, ಈಗ ಸರದಿ ಹಚ್ಚಿ ಕೊಡಬೇಕಾಗಿದೆ.

ಇಬ್ಬರು_ಹುಡುಗರ_ಅಪ್ಪ

ಮೇಡಂ ಹೇಳಿದ್ದು ಕೇಳಿ ನನ್ನ ತಕರಾರು ಅರ್ಧ ಕಡಿಮೆ ಆಯಿತು. ಹಾಗಿದ್ದರೆ ವಾರಕ್ಕೆ ಒಂದೇ ಮೆಸೇಜ್, ಒಂದೇ ದಿನ, ಒಂದೇ ಹೊತ್ತಿಗೆ. ಗೈರು ಮತ್ತು ತುರ್ತು ವಿಷಯ ಬಿಟ್ಟು ಮಧ್ಯೆ ಏನೂ ಬೇಡ. ಶುಭಾಶಯ, ಫಾರ್ವರ್ಡ್‌ಗಳಿಗೆ ಬೇರೆ ಗ್ರೂಪ್ ಇರಲಿ. ಶಾಲೆಯ ಗ್ರೂಪ್‌ನಲ್ಲಿ ಶಾಲೆ ಮಾತ್ರ ಬರೆಯಲಿ.

ಗಣಿತದ_ಮೇಷ್ಟ್ರು

ಪೋಷಕರು ಉತ್ತರ ಕೊಡೋಕೆ ದಾರಿ ಇರಲಿ ಸ್ವಾಮಿ. ನಾವೇ ಹೇಳ್ತಾ ಹೋದರೆ ಆಗಲ್ಲ. ‘ಮಗಳು ಮೂರು ದಿನದಿಂದ ಸರಿಯಾಗಿ ನಿದ್ದೆ ಮಾಡ್ತಿಲ್ಲ’ ಅಂತ ಒಬ್ಬ ತಾಯಿ ಬರೆದ ಒಂದು ಸಾಲಿನಿಂದ ಆ ಮಗುವಿನ ಅಂಕ ಯಾಕೆ ಇಳಿಯಿತು ಅಂತ ನನಗೆ ತಿಳಿಯಿತು. ಅದು ನನ್ನ ಯಾವ ರಿಜಿಸ್ಟರ್‌ನಲ್ಲೂ ಇರಲಿಲ್ಲ. ಒಂದು ಕಂಡೀಷನ್, ರಾತ್ರಿ ಹನ್ನೊಂದಕ್ಕೆ ಕಳಿಸಿ ತಕ್ಷಣ ಉತ್ತರ ಬೇಕು ಅನ್ನಬೇಡಿ. ಎರಡು ಕೆಲಸದ ದಿನದೊಳಗೆ ಉತ್ತರ ಅಂತ ಮೊದಲೇ ಹೇಳಿಬಿಟ್ಟರೆ ಇಬ್ಬರಿಗೂ ನೆಮ್ಮದಿ.

ಹೈಸ್ಕೂಲ್_ಅಮ್ಮ

ಎಲ್ಲರಿಗೂ ತುಂಬಾ ಧನ್ಯವಾದ. ನೀವು ಹೇಳಿದ್ದನ್ನೆಲ್ಲ ಸೇರಿಸಿ ಒಂದು ವಾರದ ಮೆಸೇಜ್ ಮಾದರಿ ಮಾಡಿದ್ದೀನಿ. ಸಮಿತಿಗೆ ಇದನ್ನೇ ತೋರಿಸ್ತೀನಿ, ಇದನ್ನೇ ಓದಿ ವಾಯ್ಸ್ ಮೆಸೇಜ್ ಆಗಿಯೂ ಕಳಿಸಿ ಅಂತ ಕೇಳ್ತೀನಿ. ನೋಡಿ ಹೇಳಿ:

‘9ನೇ ತರಗತಿಯ ಮನೆಯವರಿಗೆ, ಈ ವಾರದ ವಿಷಯ. ಗುರುವಾರ ಗಣಿತ ಟೆಸ್ಟ್, ಪಾಠ 4 ಮತ್ತು 5. ಕಷ್ಟ ಆಗುತ್ತಿದ್ದರೆ ಮಂಗಳವಾರ, ಬುಧವಾರ ಶಾಲೆ ಬಿಟ್ಟ ಮೇಲೆ ಉಚಿತ ಪಾಠ ಇದೆ. ಮೊದಲೇ ಹೆಸರು ಕೊಡಬೇಕಿಲ್ಲ, ಬಂದರೆ ಸಾಕು. ವಿದ್ಯಾರ್ಥಿವೇತನದ ಅರ್ಜಿಗೆ ಕೊನೆ ದಿನ ಈ ತಿಂಗಳ 20. ತುಂಬೋಕೆ ಸಹಾಯ ಬೇಕಿದ್ದರೆ ಲೈಬ್ರರಿಗೆ ಬನ್ನಿ, ಸಂಜೆ 5ರವರೆಗೆ ತೆರೆದಿರುತ್ತೆ. ನೀವು ಮಾಡಬೇಕಾದ್ದು ಒಂದೇ: ಪ್ರವಾಸದ ಒಪ್ಪಿಗೆ ಚೀಟಿಗೆ ಸಹಿ ಹಾಕಿ ಶುಕ್ರವಾರದೊಳಗೆ ಕಳಿಸಿ. ಏನಾದರೂ ಕೇಳಬೇಕಿದ್ದರೆ ಇದೇ ನಂಬರ್‌ಗೆ ಬರೆಯಿರಿ ಅಥವಾ ಮಾತಾಡಿ ಕಳಿಸಿ, ಎರಡು ದಿನದೊಳಗೆ ಉತ್ತರ ಬರುತ್ತೆ.’

ಮೊಮ್ಮಗಳ_ತಾತ

ಚೆನ್ನಾಗಿದೆ ಮಗಳೇ. ಎಲ್ಲ ಅರ್ಥ ಆಯಿತು.

ಲೈಬ್ರರಿ_ಮೇಡಂ

ಒಪ್ಪಿಗೆ ಚೀಟಿ ಕಳೆದುಹೋದರೆ ಇನ್ನೊಂದು ಎಲ್ಲಿ ಸಿಗುತ್ತೆ ಅಂತಲೂ ಸೇರಿಸಿ. ಪ್ರತಿ ಸಲ ಆಫೀಸಿಗೆ ಬರುವ ಮೊದಲ ಫೋನ್ ಅದಕ್ಕೇ.

ಹೈಸ್ಕೂಲ್_ಅಮ್ಮ

ಸೇರಿಸಿದೆ ಮೇಡಂ. ‘ಚೀಟಿ ಇಲ್ಲದಿದ್ದರೆ ಕ್ಲಾಸ್ ಟೀಚರ್ ಹತ್ತಿರ ಇನ್ನೊಂದು ಸಿಗುತ್ತೆ.’ ಬುಧವಾರ ಸಭೆ ಇದೆ. ಏನು ತೀರ್ಮಾನ ಆಯಿತು ಅಂತ ರಾತ್ರಿಪಾಳಿಯವರು ಕೇಳಿದ ಹಾಗೆ ಅರ್ಧ ಪುಟದಲ್ಲಿ ಇಲ್ಲೇ ಬರೀತೀನಿ.